ಕಡೇ ಸಾಲಿನ ತನಕ ಬೆಳಕು

ಹೋದ ವಾರ ಯಾದಗಿರಿಯ ನಮ್ಮ ಮನೆಯ ಹಿತ್ತಲಲ್ಲಿ ಸ್ನಾನದ ಕೋಣೆಗೆ ಹೊದಿಸಲೆಂದು ಹೊಸ ತಗಡು ತಂದು ಗೋಡೆಗೆ ಆನಿಸಿದ್ದರು. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದು, ಅಲ್ಲಿಂದ ಚಿಮ್ಮಿ, ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ನನ್ನ ಮುಖಕ್ಕೆ ಬಡಿಯಿತು. ಕಣ್ಣು ಮುಚ್ಚಿಕೊಂಡೆ. ಮುಚ್ಚಿದ ಕಣ್ಣೊಳಗೆ ಸ್ಟುಡಿಯೊ ಅಕ್ಕ ಬಂದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಗಲ ಮೇಲೆ ದೊಡ್ಡ ವಿಡಿಯೊ ಕ್ಯಾಮೆರಾ ಹೊತ್ತು...

ಸುರಪುರದ ಬಜಾರದಲ್ಲಿ ಅವಳ ಗಂಡನದೊಂದು ಫೋಟೊ ಸ್ಟುಡಿಯೊ ಇತ್ತು. ಆತ ತೀರಿಕೊಂಡ ಮೇಲೆ ಅದರ ಬಾಗಿಲು ಮುಚ್ಚಿತೆಂದೇ ಎಲ್ಲರೂ ಅಂದುಕೊಂಡಿದ್ದರು. ಅಕ್ಕ ಮುಚ್ಚಲಿಲ್ಲ. ಗಂಡನ ಪಕ್ಕದಲ್ಲಿ ನಿಂತು ಕಲಿತ ಕೆಲಸವನ್ನು ತಾನೇ ಮುಂದುವರಿಸಿದಳು. ಪಾಸ್‌ಪೋರ್ಟ್ ಸೈಜಿನ ಫೋಟೊ, ಶಾಲೆಯ ಗ್ರೂಪ್ ಫೋಟೊ ಇವೆಲ್ಲ ಅವಳಿಗೆ ಬರುತ್ತಿದ್ದವು. ಮದುವೆಯ ಕೆಲಸ ಮಾತ್ರ ಬರುತ್ತಿರಲಿಲ್ಲ. ಗಂಡ ಇಲ್ಲದವಳು ಮದುವೆ ಚಪ್ಪರಕ್ಕೆ ಬರುವುದೇ ಎನ್ನುತ್ತಿದ್ದರು. ಗಂಡ ಸಾಯುವ ಮುಂಚೆ ಆಸೆಪಟ್ಟು ಕೊಂಡಿದ್ದ ವಿಡಿಯೊ ಕ್ಯಾಮೆರಾ ಬೀರುವಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು.

ಕಾಲುವೆ ನೀರು ಬಂದು, ನಮ್ಮ ಕಡೆಯ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದ ಕಾಲ ಅದು. ದೇವಾಪುರದ ಆಚೆ ನಮ್ಮೂರು. ಅಪ್ಪ ಕಾಲುವೆಯ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ನಾಟಿ ಹಚ್ಚಲು. ಊರಿನ ದೊಡ್ಡ ಓಣಿಯಲ್ಲಿ ಮದುವೆಗೆ ವಿಡಿಯೊ ತೆಗೆಸುವುದು ಆಗಷ್ಟೇ ಶುರುವಾಗಿತ್ತು. ಅಂಥದೊಂದು ಮದುವೆಯಲ್ಲಿ ನಮ್ಮ ಕೇರಿಯವರು ಎಂದಿನಂತೆ ತುದಿಯಲ್ಲಿ ಕೂತಿದ್ದರು. ಮುಂದೆ ಆ ಕ್ಯಾಸೆಟ್ಟನ್ನು ಮದುವೆ ಮನೆಯವರ ಅಂಗಳದಲ್ಲಿ ಹಾಕಿದಾಗ ಅವ್ವನೂ ದೂರ ನಿಂತು ನೋಡಿದಳು. ಲೈಟು ನೆಂಟರ ಮೇಲೆ ನಿಧಾನವಾಗಿ ಹಾಯ್ದು, ನಮ್ಮವರು ಕೂತಿದ್ದ ಕಡೆ ಬರುವಷ್ಟರಲ್ಲಿ ತಟ್ಟನೆ ಹಿಂದಕ್ಕೆ ಹೊರಳಿತ್ತು. ಅವ್ವ ಮನೆಗೆ ಬಂದು ಅಪ್ಪನಿಗೆ ಒಂದೇ ಮಾತು ಹೇಳಿದಳು:

"ನಾವು ಇದ್ದ ಜಾಗದಾಗ ಬರೇ ಕತ್ತಲಿ ಅದ ನೋಡು."

ನನ್ನ ಮದುವೆ ಕೊಂಕಲ್ ಕಡೆಯ ಹುಡುಗನೊಂದಿಗೆ ನಿಶ್ಚಯವಾದಾಗ ವಿಡಿಯೊ ಆಗಲೇಬೇಕೆಂದು ಅವ್ವ ಹಟ ಹಿಡಿದಳು. ಸುರಪುರದ ವಿಡಿಯೊದವರು ಕೇರಿಯ ಹೆಸರು ಕೇಳುವ ತನಕ ನಗುತ್ತಾ ಮಾತಾಡಿದರು. ಕೇಳಿದ ಮೇಲೆ ಆ ದಿನ ಬೇರೆ ಕೆಲಸ ಇದೆಯೆಂದರು. ಕೊನೆಗೆ ನಾನೂ ಅವ್ವನೂ ಅಕ್ಕನ ಸ್ಟುಡಿಯೊ ಹತ್ತಿದೆವು.

ಎಲ್ಲ ಕೇಳಿಸಿಕೊಂಡು ಅಕ್ಕ ಅಂದಳು, "ನಾ ಗಂಡ ಇಲ್ಲದಾಕಿ ಇದ್ದೀನ್ರಿ. ನಾಳಿ ನಿಮ್ಮ ಬೀಗರು ಏನರೆ ಅಂದ್ರ?"

"ನಮ್ಮದು ಬುದ್ಧನ ಮುಂದ ಆಗೋ ಮದಿವಿರಿ, ಅಕ್ಕಾರ. ಅಲ್ಲಿ ಅಂಥಾದ್ದೆಲ್ಲ ನಡ್ಯಂಗಿಲ್ಲ," ಎಂದಳು ಅವ್ವ. "ನಂದು ಒಂದ ಮಾತು ಅದ. ಕಡೀ ಸಾಲಿನಾಗ ಕುಂತೋರ ಮಾರೀನೂ ಕಾಣ್ಬೇಕು."

ಅಕ್ಕ ಎದ್ದು ಹೋಗಿ ಬೀರು ತೆರೆದಳು.

ಮದುವೆಯ ದಿನ ಮೊದಲ ಬಸ್ಸಿಗೇ ಬಂದಳು. ಜೊತೆಗೆ ಎರಡು ಹ್ಯಾಲೊಜನ್ ಲೈಟು, ಸಿಂಬಿ ಸುತ್ತಿದ ಉದ್ದನೆ ವೈರು. ಚಪ್ಪರದ ಮೂಲೆಯಲ್ಲಿ ಲೈಟು ಹಚ್ಚಿದಾಗ ಬಹಳ ದಿನ ಕೂತಿದ್ದ ಧೂಳು ಸುಟ್ಟು ಕಮಟು ವಾಸನೆ ಹಬ್ಬಿತು. ಹೆಂಗಸರೆಲ್ಲ ಹೋ ಎಂದು ನಕ್ಕರು. ನಗು ಮುಗಿಯುವ ಮುಂಚೆಯೇ ಲೈಟು ಆರಿತು. ಕೇರಿಯಲ್ಲಿ ಎಲ್ಲಿಯೂ ಕರೆಂಟಿಲ್ಲ. ದೊಡ್ಡ ಓಣಿಯಲ್ಲಿ ಮಾತ್ರ ಫ್ಯಾನುಗಳು ತಿರುಗುತ್ತಿದ್ದವು. ಓಡಿಹೋಗಿ ನೋಡಿದರೆ, ಕಂಬದ ಹತ್ತಿರ ನಮ್ಮ ಕೇರಿಯ ಫ್ಯೂಸು ಯಾರೋ ಕಿತ್ತೊಯ್ದಿದ್ದರು. ಲೈನ್‌ಮನ್ ಸಿಗಲಿಲ್ಲ. ಜನರೇಟರ್ ಇದ್ದವರು ಕೊಡಲಿಲ್ಲ. ಅಷ್ಟರಲ್ಲಿ ಬೀಗರ ಟ್ರ್ಯಾಕ್ಟರು ಬಂದ ಸದ್ದು ಕೇಳಿಸಿತು. ಅವ್ವ ಹೊಸ್ತಿಲ ಮೇಲೆ ಕುಸಿದು ಕೂತಳು.

ಅಕ್ಕ ವೈರನ್ನು ಸುತ್ತಿ ಪಕ್ಕಕ್ಕಿಟ್ಟು, ಕೈಯನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡಿದಳು.

"ಏಳ್ರಿ, ಅವ್ವಾರ. ಕರೆಂಟ್ ಅವರ ಕೈಯಾಗ ಅದ. ಸೂರ್ಯ ಯಾರಪ್ಪನ ಮನೀದು?"

ಆಮೇಲಿನ ಗಡಿಬಿಡಿ ಇವತ್ತಿಗೂ ಮೈ ಜುಮ್ಮೆನ್ನಿಸುತ್ತದೆ. ಬಾಡಿಗೆಗೆ ತಂದ ಕೆಂಪು-ನೀಲಿ ಶಾಮಿಯಾನ ಇಳಿಸಲು ಹೇಳಿದಳು. ಅದರ ಕೆಳಗೆ ಕೂತರೆ ಮುಖಗಳೆಲ್ಲ ಕೆಂಪು-ನೀಲಿಯಾಗಿಯೇ ಬರುತ್ತವೆಂದಳು. ಆ ಜಾಗದಲ್ಲಿ ಮನೆಮನೆಯ ಬಿಳಿ ಧೋತರ ಎಳೆದು ಕಟ್ಟಿಸಿದಳು. ಉರಿಬಿಸಿಲು ಆ ಬಟ್ಟೆಯಲ್ಲಿ ಸೋಸಿಕೊಂಡು ಹಾಲಿನ ಹಾಗೆ ಇಳಿಯಿತು. ಆದರೂ ನಮ್ಮ ಕಣ್ಣಿನ ಕುಳಿಗಳಲ್ಲಿ ಕಪ್ಪು ನೆರಳು ನಿಂತೇ ಇತ್ತು. ಆಗ ಅವಳ ಕಣ್ಣು ಬಿದ್ದದ್ದು ನಮ್ಮ ಸೋದರಮಾವ ಮನೆಗೆ ಹೊದಿಸಲು ತಂದಿದ್ದ ಹೊಸ ತಗಡುಗಳ ಮೇಲೆ. ಒಂದನ್ನು ಇಬ್ಬರು ಹೆಂಗಸರ ಕೈಯಲ್ಲಿ ಹಿಡಿಸಿ ಬಿಸಿಲನ್ನು ನನ್ನತ್ತ ತಿರುಗಿಸಿದಳು. ನನಗೆ ಕಣ್ಣು ಬಿಡಲಾಗಲಿಲ್ಲ, ನೀರೇ ಬಂತು.

"ಬ್ಯಾಡ, ಬ್ಯಾಡ! ಗ್ವಾಡಿಗಿ ತಿರುಗಸ್ರಿ," ಎಂದು ಕೂಗಿದಳು. "ಬೆಳಕು ಮಾರಿಗಿ ಬಡೀಬಾರದು. ಮೆತ್ತಗ ಹತ್ಬೇಕು."

ತಗಡಿನ ಬಿಸಿಲು ಮದುವೆಗೆಂದು ಸುಣ್ಣ ಬಳಿದ ಗೋಡೆಗೆ ಹೋಗಿ, ಅಲ್ಲಿಂದ ಮೆತ್ತಗಾಗಿ ನಮ್ಮ ಮೇಲೆ ಹರಡಿತು. ಬುದ್ಧನ ಮುಂದಿನ ಮದುವೆಗೆಂದು ನಾನು ಉಟ್ಟಿದ್ದ ಬಿಳಿ ಸೀರೆಯೂ ಗದ್ದದ ಕೆಳಗೆ ಬೆಳಕು ಚೆಲ್ಲಿತು. ಮದುಮಗ ನನ್ನತ್ತ ತಿರುಗಿ ನೋಡಿ, ನೋಡಿದ್ದು ಎಲ್ಲರಿಗೂ ಕಂಡಿತೆಂದು ನಾಚಿ ತಲೆ ತಗ್ಗಿಸಿದ. ಮದುವೆ ಮಾಡಿಸಲು ಬಂದಿದ್ದ ಬೌದ್ಧ ಭಿಕ್ಷು, ನಮ್ಮ ಭಂತೇಜಿ, ಬುದ್ಧವಂದನೆ ಶುರುಮಾಡಿದರು. ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೋ ಎಂಬ ಅಂಜಿಕೆಯಲ್ಲಿ ಅಕ್ಕ ಬೇಕಾದಾಗ ಮಾತ್ರ ಕ್ಯಾಮೆರಾ ಒತ್ತುತ್ತಿದ್ದಳು. ಸೂರ್ಯ ಸರಿದಂತೆ ತಗಡು ಹಿಡಿದ ಹೆಂಗಸರೂ ಸರಿಯುತ್ತಿದ್ದರು.

ಹಾರ ಹಾಕಿದ್ದಾಯಿತು. ಕೆಲಸ ಮುಗಿಯಿತೆಂದು ತಗಡು ಇಳಿಸಹೋದವರನ್ನು ಅಕ್ಕ ತಡೆದಳು. "ಇನ್ನಾ ಹಿಂದಿನೋರು ಉಳದಾರ. ನಡೀರಿ," ಎಂದಳು. ಚಪ್ಪರದ ಅಂಚಿನ ಬಿಸಿಲಲ್ಲಿ ಮುಂದೆ ತಗಡು, ಅದರ ಬೆಳಕು ಮೇಲಿನ ಬಿಳಿ ಧೋತರಕ್ಕೆ, ಹಿಂದೆ ಕ್ಯಾಮೆರಾ. ಒಂದೊಂದೇ ಸಾಲು ದಾಟುತ್ತಾ ಕಡೇ ಸಾಲಿಗೆ ಹೋದರು. ಅಪ್ಪನ ಜೊತೆ ಕಾಲುವೆ ಅಗೆದವರು, ನಾಟಿ ಹಚ್ಚುವ ಮುದುಕಿಯರು ಅಲ್ಲಿದ್ದರು. ಒಬ್ಬ ಮುದುಕಿ ಮುಖಕ್ಕೆ ಸೆರಗು ಎಳೆದುಕೊಂಡು, ಮತ್ತೆ ಏನೆನ್ನಿಸಿತೋ, ತಾನೇ ಸರಿಸಿ ಬೊಚ್ಚುಬಾಯಿ ತುಂಬ ನಕ್ಕಳು. ಅವಳ ಹಿಂದೆ ಇಡೀ ಸಾಲೇ ನಕ್ಕಿತು...

ಕೆಲವು ದಿನಗಳ ಮೇಲೆ ಅಕ್ಕ ಕ್ಯಾಸೆಟ್ಟಿನ ಜೊತೆ ಟಿವಿಯನ್ನೂ ತಾನೇ ಆಟೊದಲ್ಲಿ ತಂದಳು. ಅಷ್ಟರಲ್ಲಿ ಕೇರಿಯವರೆಲ್ಲ ಸುರಪುರದ ಕರೆಂಟ್ ಕಚೇರಿಯ ಮುಂದೆ ಕೂತು ಫ್ಯೂಸು ಹಾಕಿಸಿಕೊಂಡು ಬಂದಿದ್ದರು. ಪರದೆಯ ಮೇಲೆ ಒಂದೊಂದು ಮುಖ ಬಂದಂತೆಲ್ಲ ಸಿಳ್ಳು, ಕೂಗು. ದೊಡ್ಡ ಓಣಿಯವರೂ ಬಂದು ನಿಂತರು. ಇಷ್ಟು ಚಂದದ ವಿಡಿಯೊವನ್ನು ಅವರೂ ನೋಡಿರಲಿಲ್ಲ. ಅಲ್ಲಿನ ದೊಡ್ಡ ಮನೆಯ ಗೌಡತಿ ಅಕ್ಕನನ್ನು ಕರೆದು, "ಮುಂದಿನ ತಿಂಗಳು ನಮ್ಮ ಮಗನ ಮದಿವಿಗಿ ನೀನ ಬಾ, ತಂಗಿ," ಎಂದಳು.

"ಬರ್ತೀನ್ರಿ," ಎಂದಳು ಅಕ್ಕ, ಎಲ್ಲರಿಗೂ ಕೇಳುವಂತೆ. "ಆದ್ರ ನನ್ನ ಲೈಟು ಕಡೀ ಸಾಲಿನ ತನಕ ಹೋಗ್ತದ. ನಡುವ ಹೊಳ್ಳಸಂಗಿಲ್ಲ."

ಗೌಡತಿ ಸುತ್ತ ನಿಂತವರನ್ನೊಮ್ಮೆ ನೋಡಿ, ಆಗಲಿ ಎಂದಳು. ಆ ಮದುವೆಯ ಕ್ಯಾಸೆಟ್ಟಿನಲ್ಲಿ ನಮ್ಮ ಕೇರಿಯವರ ಮುಖಗಳೂ ಬಂದವು. ಮುಂದೆ ಶಹಾಪುರದಿಂದಲೂ ಅಕ್ಕನಿಗೆ ಕರೆ ಬರುತ್ತಿತ್ತು. ಹೋದಲ್ಲೆಲ್ಲ ಅದೇ ಕರಾರು.

ನಾನು ಯಾದಗಿರಿಗೆ ಬಂದು, ನೌಕರಿ, ಮಕ್ಕಳು ಎಂದು ಮುಳುಗಿದೆ. ಅಕ್ಕ ತೀರಿಕೊಂಡ ಸುದ್ದಿ ನನ್ನನ್ನು ತಲುಪುವಷ್ಟರಲ್ಲಿ ವರ್ಷವಾಗಿತ್ತು. ಅವ್ವ ಅದಕ್ಕೂ ಮುಂಚೆಯೇ ಹೋಗಿದ್ದಳು.

ಆ ಕ್ಯಾಸೆಟ್ಟನ್ನು ಮಗಳು ಮೊಬೈಲಿಗೆ ಹಾಕಿಸಿಕೊಟ್ಟಿದ್ದಾಳೆ. ಹೋದ ವಾರ, ಬಹಳ ದಿನಗಳ ಮೇಲೆ, ಮತ್ತೆ ನೋಡಿದೆ. ಬಣ್ಣ ಮಾಸಿದೆ, ಗೆರೆಗಳು ಬಿದ್ದಿವೆ. ಅಕ್ಕ ಅದರಲ್ಲಿ ಎಲ್ಲಿಯೂ ಇಲ್ಲ. ಇಡೀ ಮದುವೆಯಲ್ಲಿ ಅವಳು ಕ್ಯಾಮೆರಾದ ಹಿಂದೆಯೇ ಇದ್ದಳಲ್ಲ... ಆದರೆ ಕಡೆಯಲ್ಲಿ ಅವ್ವನ ಮುಖ ಪರದೆ ತುಂಬುತ್ತದೆ. ಬಿಗಿದ ತುಟಿ, ಒದ್ದೆ ಕಣ್ಣು. ಆಗ ಬಹಳ ಹತ್ತಿರದಿಂದ, ನಗು ತಡೆದುಕೊಂಡ ದನಿಯೊಂದು ಕೇಳಿಸುತ್ತದೆ:

"ಇತ್ತ ನೋಡ್ರಿ, ಅವ್ವಾರ. ಛೊಲೋ ಕಾಣಾಕತ್ತೀರಿ."

ಅವ್ವ ನೇರ ನನ್ನತ್ತ ನೋಡಿ ನಗುತ್ತಾಳೆ.