ಮೂರು ಚುಕ್ಕಿ ಮನೆಯ ನಾಯಿ

ಬೀದಿಗೆಲ್ಲ ಅವಳು ಇಸ್ತ್ರಿ ಅಕ್ಕ. ವಯಸ್ಸು ಐವತ್ತೆರಡು, ಅದರಲ್ಲಿ ಮೂವತ್ತು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತೇ ಕಳೆದಿದ್ದಾಳೆ. ಸಂಜೆಯಾಗುವಷ್ಟರಲ್ಲಿ ಕಾಲು ಊದಿಕೊಂಡಿರುತ್ತದೆ. ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಉಂಡು ಒಬ್ಬಳೇ ಮಲಗುತ್ತಾಳೆ. ಯಾರಾದರೂ ಅದಕ್ಕೆ ಅಯ್ಯೋ ಪಾಪ ಎಂದರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಓದು ಬರಹ ಅವಳಿಗೆ ಅಷ್ಟಕ್ಕಷ್ಟೇ. ಒಗೆದು ಇಸ್ತ್ರಿ ಮಾಡಲು ಬಂದ ಬಟ್ಟೆಯ ಒಳಮೂಲೆಗೆ ಅಳಿಯದ ಕಪ್ಪು ಮಸಿಯಲ್ಲಿ ಚುಕ್ಕಿ, ಗೆರೆ ಹಾಕುತ್ತಾಳೆ. ಒಂದು ಮನೆಗೆ ಒಂದು ಗುರುತು. ಯಾವುದು ಯಾರದೆಂದು ಎಲ್ಲೂ ಬರೆದಿಟ್ಟಿಲ್ಲ, ಎಲ್ಲ ತಲೆಯಲ್ಲೇ ಇದೆ. ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋದದ್ದು ಇವತ್ತಿನವರೆಗೂ ಇಲ್ಲ. ಅವಳಿಗೆ ಜಂಬ ಅಂತ ಇದ್ದರೆ ಅದೊಂದೇ.

ಒಂದು ಮಧ್ಯಾಹ್ನ ಕಂದು ಬಣ್ಣದ ಮುದಿ ನಾಯಿಯೊಂದು ಇಸ್ತ್ರಿ ಮೇಜಿನ ಕೆಳಗೆ ಬಂದು ಬಿದ್ದುಕೊಂಡಿತು. ಗದರಿದಳು, ಪೊರಕೆ ತೋರಿಸಿದಳು. ಅದು ಕ್ಯಾರೇ ಅನ್ನಲಿಲ್ಲ. ಕುತ್ತಿಗೆಗೆ ಹಳೆಯ ಹೊದಿಕೆಯಿಂದ ಹರಿದ ಪಟ್ಟಿಯೊಂದನ್ನು ಯಾರೋ ಕಟ್ಟಿದ್ದರು. ಕೊಳೆ ಒರೆಸಿ ನೋಡಿದರೆ ಒಂದು ಗೆರೆ, ಅದರ ಕೆಳಗೆ ಮೂರು ಚುಕ್ಕಿ. ತಾನೇ ಹಾಕಿದ ಗುರುತು.

ಅಂಗಡಿ ಮುಚ್ಚಿದ ಮೇಲೆ ಊದಿದ ಕಾಲಿನಲ್ಲೇ ಮೂರು ಮಹಡಿ ಹತ್ತಿ, ಮೂರು ಚುಕ್ಕಿ ಗುರುತಿನ ಗುಮಾಸ್ತರ ಮನೆಯ ಬಾಗಿಲು ತಟ್ಟಿದಳು.

"ನಾಯಿನಾ? ಇಲ್ಲಿ ನಮಗೇ ಜಾಗ ಇಲ್ಲ ಅಕ್ಕಾ," ಎಂದು ಗುಮಾಸ್ತರ ಹೆಂಡತಿ ಬಾಗಿಲು ಹಾಕಿಕೊಂಡಳು.

ಮೆಟ್ಟಿಲಿಳಿಯುವಾಗ ನೆನಪಾಯಿತು. ಮನೆ ಖಾಲಿ ಮಾಡಿದವರ ಗುರುತನ್ನು ಹೊಸಬರಿಗೆ ಕೊಡುವುದು ಅವಳ ಪದ್ಧತಿ. ಗುಮಾಸ್ತರಿಗಿಂತ ಮುಂಚೆ ಮೂರು ಚುಕ್ಕಿ ಇದೇ ಮನೆಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರದು. ಅವರ ತಾರಸಿಯಲ್ಲಿ ನಾಯಿಯೊಂದು ಬೊಗಳುವುದನ್ನು ಕೇಳಿದ್ದಳು, ಮುಖ ನೋಡಿರಲಿಲ್ಲ. ಹೋದ ವರ್ಷ ಮೇಷ್ಟ್ರು ರೈಲು ಹಳಿಯಾಚೆ ಮನೆ ಮಾಡಿಕೊಂಡು ಹೋಗಿದ್ದರು. ನಾಯಿ ಹಳೆಯ ಮನೆ ಹುಡುಕಿಕೊಂಡು ಬಂದಿದೆ.

ಬಟ್ಟೆ ತಲುಪಿಸುವ ಅವಳ ತಮ್ಮನಿಗೆ ಆ ಮನೆ ಗೊತ್ತಿತ್ತು. ದಾರಿಯನ್ನೇನೋ ಹೇಳಿದ. ಆಮೇಲೆ, "ಆ ಚುಕ್ಕಿ ನಿನ್ನ ಬಿಟ್ರೆ ಯಾರಿಗೆ ಅರ್ಥ ಆಗತ್ತೆ? ಸುಮ್ನೆ ಇಟ್ಕೋ ಅಕ್ಕಾ. ಜೊತೆಗಿರತ್ತೆ," ಎಂದ.

"ನೋಡೋಣ," ಎಂದಳು.

ನೋಡೋಣ ಎನ್ನುತ್ತಲೇ ಹನ್ನೊಂದು ದಿನ ದೂಡಿದಳು. ಕೆಲಸವೇನೂ ಕಡಿಮೆಯಾಗಲಿಲ್ಲ, ಕಾಲುನೋವು ಇದ್ದಲ್ಲೇ ಇತ್ತು. ಆದರೆ ಊಟಕ್ಕೆ ಕೂತರೆ ಎದುರಿಗೊಂದು ಜೀವವಿತ್ತು. ಹನ್ನೊಂದನೆಯ ದಿನ ಗುಮಾಸ್ತರ ಬಟ್ಟೆ ಮಡಿಸುತ್ತಿದ್ದಾಗ ಮೂರು ಚುಕ್ಕಿ ಕಣ್ಣಿಗೆ ಬಿತ್ತು, ಕೈ ನಿಂತಿತು. ಇನ್ನೊಬ್ಬರ ಒಂದು ಕರವಸ್ತ್ರವನ್ನೂ ಇಟ್ಟುಕೊಳ್ಳದವಳು ನಾಯಿಯನ್ನು ಇಟ್ಟುಕೊಂಡು ಕೂತಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ವಾರದ ರಜೆ. ನಿದ್ದೆಗೆಂದು ಇದ್ದದ್ದು ಅದೊಂದೇ ದಿನ. ಬಸ್ಸಿನವನು ನಾಯಿಯನ್ನು ಹತ್ತಿಸಲಿಲ್ಲ. ಒಂದು ಗಂಟೆಯ ದಾರಿಯಲ್ಲಿ ಅರ್ಧ ಅದು ನಡೆಯಿತು, ಉಳಿದರ್ಧ ಇವಳು ಹೊತ್ತಳು.

ಬಾಗಿಲು ತೆಗೆದ ಮೇಷ್ಟ್ರು ಹೊಸ್ತಿಲ ಮೇಲೇ ಕೂತುಬಿಟ್ಟರು. ಮುದಿ ನಾಯಿ ಮರಿಯಂತೆ ಕುಂಯ್‌ಗುಡುತ್ತ ಅವರ ಮಡಿಲಿಗೆ ನುಗ್ಗಿತು.

"ಸತ್ತೇ ಹೋಯ್ತು ಅಂದ್ಕೊಂಡಿದ್ದೆ ಕಣಮ್ಮಾ. ದಿನಾ ಈ ಸುತ್ತಮುತ್ತ ಎಲ್ಲಾ ಹುಡುಕ್ತಿದ್ದೆ. ನಿನ್ನೆ ಸಾಕು ಅಂತ ಬಿಟ್ಟೆ."

"ನಂಗೆ ಮೊದಲನೇ ದಿನಾನೇ ಗೊತ್ತಾಗಿತ್ತು ಮೇಷ್ಟ್ರೇ," ಎಂದಳು. "ಬೇಕಂತಲೇ ತಡ ಮಾಡಿದೆ."

ಮೇಷ್ಟ್ರು ನಾಯಿಯ ತಲೆ ಸವರಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಇಷ್ಟು ದಿನ ಏನಂತ ಕರೀತಿದ್ದೆ ಇದನ್ನ?"

"ಏನೂ ಇಲ್ಲ," ಎಂದಳು ಇಸ್ತ್ರಿ ಅಕ್ಕ. "ನಾಯಿಗೆಂಥ ಹೆಸರು."

ಹನ್ನೊಂದು ದಿನವೂ ಬಾಯಿ ತುಂಬ ಮಗಾ ಎಂದು ಕರೆದಿದ್ದಳು. ಅದನ್ನು ಅವರ ಮುಂದೆ ಹೇಳಲು ನಾಲಿಗೆ ಏಳಲಿಲ್ಲ.