ವಿಯೆನ್ನಾಕ್ಕೆ ಹೊತ್ತ ಇಪ್ಪತ್ತೊಂದು ರೊಟ್ಟಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಐವತ್ತೆರಡು ವರ್ಷದ ಹೆಂಗಸು. ಹುಟ್ಟಿದ್ದು ಅಫಜಲಪುರದ ಹತ್ತಿರದ ಹಳ್ಳಿಯಲ್ಲಿ, ಸಂಸಾರ ಆಳಂದದಲ್ಲಿ. ಬೆಳಗಾದರೆ ಸುತ್ತಲ ನಾಲ್ಕು ಮನೆಯ ಟಪಟಪ ಸದ್ದಿಗೇ ಏಳುವವಳು. ಆದರೂ ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ನನ್ನ ಮೊದಲ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, “ಇದು ಯಾವ ದೇಶದ ನಕಾಶಾ ಬೇ?” ಎಂದು ಕೇಳಿದ್ದರು. ಅಂದಿಗೆ ಕೈ ತೊಳೆದುಕೊಂಡವಳು ನಾನು. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ರೊಟ್ಟಿ ಬಸ್ ಸ್ಟ್ಯಾಂಡ್ ಹತ್ತಿರದ ರೊಟ್ಟಿ ಕೇಂದ್ರದಿಂದ ಬರುತ್ತದೆ. ಇಡೀ ಓಣಿಗೆ ಗೊತ್ತಿರುವ ಸಂಗತಿ ಇದು. ಗೊತ್ತಿಲ್ಲದವರು ಇದ್ದದ್ದು ವಿಯೆನ್ನಾದಲ್ಲಿ ಮಾತ್ರ. ಅಲ್ಲಿಗೂ ಹೋಗಿ ಮಾನ ಕಳೆದುಕೊಂಡು ಬಂದೆ.

ಕಡಗಂಚಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಪಾಠ ಮಾಡುವ ಗೆಳತಿಯೊಬ್ಬಳು ಇದಕ್ಕೆಲ್ಲ ಕಾರಣ. ಹಿರೋಳ್ಳಿ ಕಡೆಯ ಗಡಿ ಹಳ್ಳಿಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ಬಾಯಲ್ಲಿ ಹೇಗೆ ಸಂಸಾರ ಮಾಡುತ್ತವೆ ಎಂದು ನಾನು ಬರೆದಿದ್ದ ನಾಲ್ಕು ಪುಟವನ್ನು ಅವಳು ವಿಯೆನ್ನಾದ ಒಂದು ವಿಚಾರ ಸಂಕಿರಣಕ್ಕೆ ಕಳಿಸಿದಳು. ಅವರು ಬನ್ನಿ ಅಂದುಬಿಟ್ಟರು. ವಿಮಾನದ ಟಿಕೆಟ್ ಅವರದು, ಇಳಿದುಕೊಳ್ಳುವ ವ್ಯವಸ್ಥೆ ನನ್ನದು. ಮೊಬೈಲಿನಲ್ಲಿ ಎಲ್ಲಕ್ಕಿಂತ ಅಗ್ಗದ ಹಾಸ್ಟೆಲ್ ಹುಡುಕಿ ಒಂದು ಹಾಸಿಗೆ ಹಿಡಿದೆ. ಹಾಸ್ಟೆಲ್ ಎಂದರೆ ನನಗೆ ಗೊತ್ತಿದ್ದದ್ದು ಕಲಬುರಗಿಯ ನಮ್ಮ ಕಾಲದ ಹುಡುಗಿಯರ ಹಾಸ್ಟೆಲ್, ಆರು ಗಂಟೆಗೆ ಗೇಟು ಬಂದ್ ಮಾಡುವ ವಾರ್ಡನ್ನು, ನೀರಿನಂಥ ಬೇಳೆ. ಅಷ್ಟಾದರೂ ಇರುತ್ತದೆ ಅಂದುಕೊಂಡೆ.

ಸುದ್ದಿ ಕೇಳಿ ಮೊದಲು ಓಡಿ ಬಂದವರು ಪಕ್ಕದ ಮನೆಯ ಆಪಾ, ಇಡೀ ಓಣಿಗೆ ಅಕ್ಕ. ಇವರ ತವರು ಜೇವರ್ಗಿ ಕಡೆಯ ಕೊಳಕೂರ. ಹನ್ನೊಂದು ವರ್ಷದಿಂದ ನಮ್ಮಿಬ್ಬರ ನಡುವೆ ಒಂದು ಮೋಟು ಗೋಡೆ. ಮಧ್ಯಾಹ್ನ ನಾನು ಮನೆಯಲ್ಲಿದ್ದರೆ ಗೋಡೆಯ ಆಚೆಯಿಂದ ತಪ್ಪದೆ ಕರೆಯುತ್ತಾರೆ, “ಬರ್ರಿ ಟೀಚರ್, ಊಟ ಮಾಡೂಣು.” ನಾನೂ ತಪ್ಪದೆ ಹೇಳುತ್ತೇನೆ, “ಆಗೇದ ಆಪಾ, ನೀವು ಮಾಡ್ರಿ.” ಹೊಟ್ಟೆಯೊಳಗೆ ಇಲಿ ಓಡಾಡುತ್ತಿದ್ದರೂ ಹಾಗೇ ಹೇಳುವುದು. ನಮ್ಮ ಕಡೆಯ ರೀತಿಯೇ ಅದು. ಉಣ್ಣುವವರು ಕರೆಯಬೇಕು, ಕರೆಸಿಕೊಂಡವರು ಆಗಿದೆ ಅನ್ನಬೇಕು, ಇಬ್ಬರಿಗೂ ಸಮಾಧಾನ.

ಆಪಾನ ಮಗಳು ನನ್ನ ಕಟ್ಟೆಯ ಮೇಲೆ ಕೂತು ಓದಿ ನರ್ಸ್ ಆದ ಹುಡುಗಿ. ಐದು ವರ್ಷದಿಂದ ವಿಯೆನ್ನಾದ ಆಸ್ಪತ್ರೆಯಲ್ಲಿದ್ದಾಳೆ, ಗಂಡನೂ ಅಲ್ಲಿಯೇ. ಈಗ ಏಳನೇ ತಿಂಗಳ ಬಸುರಿ. ಊರಲ್ಲಿದ್ದಿದ್ದರೆ ತವರಿನಿಂದ ಬುತ್ತಿ ಹೋಗಬೇಕಾದ ತಿಂಗಳು. ಆಪಾಗೆ ವೀಸಾ ಆಗಿರಲಿಲ್ಲ. ನಾನು ಹೊರಡುವ ಹಿಂದಿನ ದಿನ ಹಳೆಯ ಹಸಿರು ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟನ್ನು ತಂದು ನನ್ನ ತೊಡೆಯ ಮೇಲೇ ಇಟ್ಟರು. ಎರಡು ಸ್ಟೀಲ್ ತಾಟಿನ ನಡುವೆ ಇಪ್ಪತ್ತೊಂದು ಖಡಕ್ ರೊಟ್ಟಿ, ಜೊತೆಗೆ ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ನಮ್ಮ ಕಡೆಯ ಚಟ್ನಿಪುಡಿ.

“ದಿನಾ ಫೋನಿನ್ಯಾಗ ಇದನ್ನೇ ಕೇಳ್ತಾಳ್ರಿ. ಅಮ್ಮಿ, ನಿನ್ನ ಕೈಯಿನ ರೊಟ್ಟಿ ತಿನ್ನಬೇಕನಸ್ತದ ಅಂತಾಳ. ಮುರದ್ರೂ ಚಿಂತಿಲ್ಲ. ಆಕಿ ಕೈಗೇ ಮುಟ್ಟಬೇಕು.”

“ನನ್ನ ಜೀವ ಹೋದ್ರೂ ರೊಟ್ಟಿ ಹೋಗಂಗಿಲ್ಲ, ಆಪಾ” ಎಂದೆ. ಈ ನಾಲಿಗೆಗೆ ಏನು ಮಾಡಬೇಕು ಹೇಳಿ.

ನನ್ನ ಪ್ರಬಂಧವನ್ನು ಸೂಟ್‌ಕೇಸಿನಲ್ಲಿ ತುರುಕಿ, ರೊಟ್ಟಿಯ ಗಂಟನ್ನು ವಿಮಾನದುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದಲ್ಲಿ ಕೂತಿದ್ದವರು ನಿದ್ದೆಯಲ್ಲಿ ವಾಲಿದಾಗೆಲ್ಲ ಮೊಣಕೈಯಿಂದ ನೂಕಿದೆ. ಶುಕ್ರವಾರ ಸಂಜೆ ಹಾಸ್ಟೆಲ್ ಮುಟ್ಟಿದಾಗ ಒಂದು ರೊಟ್ಟಿಯೂ ಮುರಿದಿರಲಿಲ್ಲ. ಹುಡುಗಿಗೆ ಫೋನ್ ಮಾಡಿದೆ. ಎರಡು ದಿನ ಡ್ಯೂಟಿ ಇದೆ, ಭಾನುವಾರ ಮನೆಗೇ ಬನ್ನಿ ಎಂದಳು. “ರೊಟ್ಟಿ ಹೆಂಗವ ಟೀಚರ್?” ಎಂದು ಎರಡು ಸಲ ಕೇಳಿದಳು. “ನನಗಿಂತ ಚಂದ ಅವ” ಎಂದೆ.

ಹಾಸ್ಟೆಲ್ ಇದ್ದದ್ದು ನಮ್ಮ ತಾತನ ತಾತ ಹುಟ್ಟುವುದಕ್ಕೂ ಮೊದಲು ಕಟ್ಟಿದ ಮನೆಯಲ್ಲಿ. ಹೊರಗಡೆ ಕಲ್ಲಿನ ಹೂಬಳ್ಳಿ, ರೆಕ್ಕೆಯ ಮಕ್ಕಳು, ನೋಡಿದರೆ ಅರಮನೆ. ಒಳಗೆ ಐದು ಮಹಡಿ, ಲಿಫ್ಟಿಲ್ಲ. ನನ್ನ ಕೋಣೆ ಐದನೆಯದರಲ್ಲಿ. ಆರು ಹೆಣ್ಣುಮಕ್ಕಳಿಗೆ ಮೂರು ಮಂಚ, ಒಂದೊಂದರಲ್ಲೂ ಕೆಳಗೊಂದು ಮೇಲೊಂದು ಹಾಸಿಗೆ. ಮೊದಲೇ ಬಂದವರು ಕೆಳಗಿನದನ್ನೆಲ್ಲ ಹಿಡಿದಿದ್ದರಿಂದ ನನಗೆ ಮೇಲಿನದು. ಸೀರೆ ಉಟ್ಟು ಆ ಕಬ್ಬಿಣದ ಏಣಿ ಹತ್ತುವುದನ್ನು ನಮ್ಮ ಕಾಲೇಜಿನ ಹುಡುಗರು ನೋಡಿದ್ದರೆ ನನ್ನ ನೌಕರಿಯ ಮರ್ಯಾದೆ ಅಲ್ಲಿಗೆ ಮುಗಿಯುತ್ತಿತ್ತು. ಅರ್ಧ ಹತ್ತಿ, ಮೇಲೂ ಹೋಗಲಾರದೆ ಕೆಳಗೂ ಇಳಿಯಲಾರದೆ ನಿಂತಾಗ, ಕೆಳಗಿನ ಮಂಚದ ಬ್ರೆಜಿಲ್ ಹುಡುಗಿ ಹಿಂದಿನಿಂದ ತಳ್ಳಿ ಹತ್ತಿಸಿದಳು. ನಮ್ಮ ಪರಿಚಯ ಆದದ್ದು ಹಾಗೆ.

ಹಸಿವಾಯಿತು. ರೊಟ್ಟಿ ಕೇಂದ್ರದಿಂದ ನನಗೆಂದೇ ತಂದಿದ್ದ ಆರು ಖಡಕ್ ರೊಟ್ಟಿ, ಒಂದು ಪುಟ್ಟ ಡಬ್ಬಿ ಹಿಂಡಿ ತೆಗೆದುಕೊಂಡು ಕೆಳಗೆ ಅಡುಗೆಮನೆಗೆ ಇಳಿದೆ. ಆಪಾನ ಗಂಟನ್ನು ಮೇಲೆಯೇ ಲಾಕರಿನಲ್ಲಿಟ್ಟು ಬೀಗ ಹಾಕಿದ್ದೆ. ಉದ್ದನೆಯ ಒಂದು ಮೇಜು. ಎಂಟು ಜನ ಕೂತಿದ್ದರು. ಪ್ರತಿಯೊಬ್ಬರ ಮುಂದೆ ಅವರವರ ತಟ್ಟೆ, ಅವರವರ ಮೊಬೈಲು. ಯಾರೂ ಯಾರನ್ನೂ ಕರೆಯುವುದಿಲ್ಲ, ಯಾರೂ ಆಗಿದೆ ಅನ್ನುವುದಿಲ್ಲ. ನಾನು ಡಬ್ಬಿ ಬಿಚ್ಚಿದೆ. ತುತ್ತು ಮುರಿದೆ. ಬಾಯಿಗೆ ಹೋಗಲೊಲ್ಲದು. ಎಂಟು ಜನರ ಎದುರು ಕರೆಯದೆ ಒಬ್ಬಳೇ ಹೇಗೆ ಉಣ್ಣುವುದು? ಹಂಗೆ ಉಂಡರೆ ಜೀರ್ಣವಾದೀತೆ? ಕೊನೆಗೆ ನನಗೆ ಬರುವ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದೆ. ಬನ್ನಿ, ನನ್ನ ಜೊತೆ ಊಟ ಮಾಡಿ.

ಹೇಳಿ, ಅವರೆಲ್ಲ ಆಗಿದೆ ಅನ್ನಲಿ ಎಂದು ಕಾದೆ.

ಎಂಟೂ ಜನ ಮೊಬೈಲು ಕೆಳಗಿಟ್ಟರು. ಹೌದಾ? ಎಷ್ಟು ಒಳ್ಳೆಯವರು ನೀವು! ಎಂದು ಖುರ್ಚಿ ಎಳೆದುಕೊಂಡು, ತಟ್ಟೆ ಹಿಡಿದು ಬಂದೇಬಿಟ್ಟರು. ಅಯ್ಯಯ್ಯೋ, ನನ್ನ ಜೀವಮಾನದಲ್ಲಿ ಯಾರೂ ಹೀಗೆ ಬಂದಿರಲಿಲ್ಲ! ಆಳಂದದಿಂದ ಜೇವರ್ಗಿವರೆಗೆ ಎಷ್ಟು ಬಸ್ಸಿನಲ್ಲಿ, ಎಷ್ಟು ಸ್ಟಾಫ್ ರೂಮಿನಲ್ಲಿ ಎಷ್ಟು ಜನರನ್ನು ಕರೆದಿದ್ದೇನೆ. ಒಬ್ಬರಾದರೂ ಬಂದಿದ್ದರೆ ನಾನು ಇಷ್ಟು ಧೈರ್ಯವಾಗಿ ಕರೆಯುತ್ತಿದ್ದೆನೇ?

ಆರು ರೊಟ್ಟಿ ಆರು ನಿಮಿಷ ಉಳಿಯಲಿಲ್ಲ. ಕಟಂ ಕುಟುಂ ಎಂದು ಮುರಿದು, ಹಿಂಡಿ ಹಚ್ಚಿ, ಖಾರಕ್ಕೆ ಕಣ್ಣೀರು ಸುರಿಸುತ್ತ ತಿಂದರು. ಒಬ್ಬರು ತಮ್ಮ ಚೀಸಿನಲ್ಲಿ ಅರ್ಧ ಕೊಯ್ದು ನನ್ನ ತಟ್ಟೆಗೆ ಹಾಕಿದರು, ಇನ್ನೊಬ್ಬರು ಪಾಸ್ತಾ ಸುರಿದರು. ಆಗ ಬ್ರೆಜಿಲ್ ಹುಡುಗಿ ರೊಟ್ಟಿಯ ಚೂರನ್ನು ದೀಪಕ್ಕೆ ಹಿಡಿದು ನೋಡಿದಳು. ನಮ್ಮತ್ತೆ ಹಿಡಿದಿದ್ದರಲ್ಲ, ಹಾಗೆಯೇ. ನೋಡಿ ಕೇಳಿದಳು, “ಎಷ್ಟು ತೆಳ್ಳಗೆ, ಎಷ್ಟು ದುಂಡಗೆ! ಇದನ್ನು ನೀವೇ ಮಾಡಿದಿರಾ?”

“ಹೌದು” ಎಂದೆ.

ಬಾಯಿ ತಾನಾಗಿ ಅಂದುಬಿಟ್ಟಿತು. ಎಂಟು ಜನ ಚಪ್ಪಾಳೆ ಹೊಡೆದರು. ಕೈಯಿಂದ ಬಡಿಯುವುದು ಹೇಗೆ ಎಂದು ಗಾಳಿಯಲ್ಲಿ ತೋರಿಸಿದೆ, ಅದಕ್ಕೂ ಹೊಡೆದರು. ರೊಟ್ಟಿಯ ವಿಷಯದಲ್ಲಿ ಮೂವತ್ತು ವರ್ಷ ತಲೆ ತಗ್ಗಿಸಿದವಳಿಗೆ ಆ ಚಪ್ಪಾಳೆ ತಲೆಗೇರಿತು ನೋಡಿ. ಇನ್ನೂ ಇದೆಯೇ ಎಂದು ಯಾರೋ ಕೇಳಿದರು. ಇಲ್ಲ ಎನ್ನಬೇಕಿತ್ತು. ಐದು ಮಹಡಿ ಹತ್ತಿ ಹೋಗಿ ಆಪಾನ ಗಂಟು ಬಿಚ್ಚಿದೆ. ಇಪ್ಪತ್ತೊಂದರಲ್ಲಿ ಎರಡು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು, ಕೈಗೆ ಬಂದಷ್ಟು ತೆಗೆದೆ. ಹತ್ತು ಬಂದವು, ಜೊತೆಗೆ ಹಿಂಡಿಯ ಡಬ್ಬಿಯೂ ಬಂತು. ಅವು ಮುಗಿದ ಮೇಲೆ ಇನ್ನೊಮ್ಮೆ ಹತ್ತಿದೆ. ಮಂಡಿ ನೋವಿನ ಹೆಂಗಸು, ಹೊಗಳಿಕೆಗೆ ಎರಡು ಸಲ ಐದು ಮಹಡಿ!

ಬೆಳಿಗ್ಗೆ ಎದ್ದು ಎಣಿಸಿದೆ. ನಾಲ್ಕು ರೊಟ್ಟಿ ಇದ್ದವು. ಹಿಂಡಿಯ ಡಬ್ಬಿಯಲ್ಲಿ ಎರಡು ಚಮಚ. ಗಂಡನಿಗೆ ಫೋನ್ ಮಾಡಿ, ಅಳುವುದೊಂದು ಬಾಕಿ, ಎಲ್ಲ ಹೇಳಿದೆ. ಆ ಕಡೆಯಿಂದ ಬಂದದ್ದು ನಗು.

“ನಗಬ್ಯಾಡ್ರಿ! ಏರ್‌ಪೋರ್ಟಿನ್ಯಾಗ ಕಸಗೊಂಡ್ರು ಅಂತ ಹೇಳ್ಲಾ?”

“ಹೇಳು. ಹದಿನೇಳು ಕಸಗೊಂಡು ನಾಕು ವಾಪಸ್ ಕೊಟ್ರು ಅಂತ ಹೇಳು. ಭಾಳ ಚೊಲೋ ಮಂದಿ ಅಂತಾಳ. ಅಲ್ಲೇ ಎಲ್ಲ್ಯಾರ ಜೋಳದ ಹಿಟ್ಟು ಸಿಗ್ತದೇನು ನೋಡು. ನೀನ ಬಡದು ಒಯ್ಯಿ. ಮಾಡಾಕ ಬರ್ತದಂತ ಸಾರಿ ಬಂದೀದಿ ಅಲ್ಲ?”

ಶನಿವಾರ ಪ್ರಬಂಧ ಓದಿದೆ. ಏನು ಓದಿದೆನೋ, ಯಾರು ಏನು ಕೇಳಿದರೋ ಇವತ್ತಿಗೂ ನೆನಪಿಲ್ಲ. ಮುಗಿದ ತಕ್ಷಣ ಟ್ರಾಮ್ ಹಿಡಿದು ಭಾರತದ ಸಾಮಾನು ಮಾರುವ ಅಂಗಡಿ ಹುಡುಕಿ ಒಂದು ಪ್ಯಾಕೆಟ್ ಜೋಳದ ಹಿಟ್ಟು ತಂದೆ. ಹಾಸ್ಟೆಲಿನ ಅಡುಗೆಮನೆಯಲ್ಲಿ ಸೆರಗು ಸಿಕ್ಕಿಸಿ ನಿಂತೆ. ನಲ್ಲಿಯ ತಣ್ಣೀರು ಸುರಿದು ಕಲೆಸಿದೆ. ಬಡಿದರೆ ಬಿರಿಯಿತು, ಎತ್ತಿದರೆ ಹರಿಯಿತು, ಪ್ಯಾನಿಗೆ ಹಾಕಿದರೆ ಐದು ತುಂಡಾಯಿತು. ಮೂರು ಸಲ ಹಾಗೇ ಆಯಿತು. ನಕಾಶೆಯೂ ಅಲ್ಲ, ಬರೀ ದ್ವೀಪಗಳು. ತಲೆ ಎತ್ತಿದರೆ ಬ್ರೆಜಿಲ್ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಕಪ್ಪಾದ ತುಂಡುಗಳನ್ನು ನೋಡಿದಳು, ಹಿಟ್ಟು ಮೆತ್ತಿದ ನನ್ನ ಮುಖ ನೋಡಿದಳು.

“ನಿನ್ನೆಯವು ನೀವು ಮಾಡಿದ್ದಲ್ಲ, ಅಲ್ಲವೇ?”

ಅಲ್ಲ ಎಂದೆ. ಯಾರದ್ದು, ಯಾರಿಗೆ ಹೋಗಬೇಕಿತ್ತು ಎಂಬುದನ್ನೂ ಹೇಳಿದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. “ನಾನೇ ಐದು ತಿಂದೆ” ಎಂದಳು. ಪಾಪ, ಅವಳದೇನು ತಪ್ಪು. ಕರೆದವಳು ನಾನು, ಬಡಿಸಿದವಳೂ ನಾನೇ.

ಭಾನುವಾರ ನಾಲ್ಕು ರೊಟ್ಟಿ, ಉಳಿದ ಹಿಟ್ಟು ತೆಗೆದುಕೊಂಡು ಹುಡುಗಿಯ ಮನೆಗೆ ಹೋದೆ. ಟ್ರಾಮಿನ ಕಿಟಕಿಯಾಚೆ ಅರಮನೆ, ಗೋಪುರ, ಕುದುರೆ ಸಾರೋಟು ಎಲ್ಲ ಹಾದುಹೋದವು. ಜನ ದೂರದೂರದಿಂದ ನೋಡಲು ಬರುವಂಥ ಊರು. ನಾನು ಬುತ್ತಿಯ ಗಂಟು ನೋಡುತ್ತ ಕೂತೆ. ಏರ್‌ಪೋರ್ಟಿನ ಸುಳ್ಳನ್ನು ಬಾಯಿಪಾಠ ಮಾಡಿಕೊಂಡೆ.

ಬಾಗಿಲು ತೆಗೆದ ಹುಡುಗಿಯನ್ನು ನೋಡಿ ಪಾಠ ಮರೆತುಹೋಯಿತು. ತುಂಬಿದ ಹೊಟ್ಟೆ, ಸೊರಗಿದ ಮುಖ. ಗಂಡ ಡ್ಯೂಟಿಗೆ ಹೋಗಿದ್ದ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಇದಕ್ಕೇ ಕಾದಿದ್ದೇನೆ ಎಂದಳು. ಗಂಟನ್ನು ನನ್ನ ಕೈಯಿಂದ ತಾನೇ ತೆಗೆದುಕೊಂಡಳು. ಎತ್ತಿದಾಗಲೇ ಅವಳಿಗೆ ಹಗುರ ಅನ್ನಿಸಿರಬೇಕು, ನನ್ನ ಮುಖ ನೋಡಿದಳು.

“ನಾಕ ಅವ” ಎಂದೆ. “ಇಪ್ಪತ್ತೊಂದು ಕೊಟ್ಟಿದ್ರು ನಿಮ್ಮಮ್ಮಿ. ನಾ ಖಾಲಿ ಮಾಡಿಬಿಟ್ಟೆ. ಹಾಸ್ಟೆಲಿನ ಮಂದೀನ ಉಣ್ಣಾಕ ಬರ್ರಿ ಅಂದೆ, ಅವರು ಬಂದೇಬಿಟ್ರು.”

ಅವಳು ತಾಟು ತೆಗೆದು ಪಕ್ಕಕ್ಕಿಟ್ಟಳು. ಹಸಿರು ಸೀರೆಯ ತುಂಡನ್ನು ಮುಖಕ್ಕೆ ಒತ್ತಿಕೊಂಡು ನಿಂತಳು. ಭುಜ ಅಲುಗುತ್ತಿತ್ತು. ನನಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ನನ್ನಂಥ ಪಾಪಿ ಇಲ್ಲ ಅನ್ನಿಸಿತು. ಅವಳು ಬಟ್ಟೆ ಸರಿಸಿದಾಗ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗುವೂ ಇತ್ತು.

“ಇಲ್ಲಿ ಹಂಗ ಕರೀಬಾರ್ದ್ರಿ ಟೀಚರ್. ನಾನೂ ಬಂದ ಹೊಸದಾಗ ಕರದು ಎರಡು ದಿನ ಉಪಾಸ ಇದ್ದೆ.”

ನಾಲ್ಕು ರೊಟ್ಟಿಯನ್ನೂ ನಿಂತಲ್ಲೇ ಮುಗಿಸಿದಳು. ಹಿಂಡಿಯ ಡಬ್ಬಿಯನ್ನು ಬೆರಳಿನಿಂದ ಒರೆಸಿದಳು. ಅದು ಅವಳ ಹಲ್ಲಿಗೂ ಸಾಲಲಿಲ್ಲ. ನನ್ನ ಚೀಲದಲ್ಲಿದ್ದ ಹಿಟ್ಟು ಅವಳ ಕಣ್ಣಿಗೆ ಬಿತ್ತು. ಬೇಡ ಎಂದರೂ ಕೇಳದೆ ನೀರು ಕುದಿಯಲಿಟ್ಟಳು. ಬಿಸಿನೀರಿಲ್ಲದೆ ಜಿಗುಟು ಬರುವುದಿಲ್ಲ ಎಂಬುದು ಐವತ್ತೆರಡನೇ ವಯಸ್ಸಿನಲ್ಲಿ ನನಗೆ ತಿಳಿಯಿತು. ಹೊಟ್ಟೆ ಅಡ್ಡ ಬರುತ್ತದೆಂದು ಓರೆಯಾಗಿ ನಿಂತು ಬಡಿದಳು. ಟಪಟಪ ಟಪಟಪ. ಕಣ್ಣು ಮುಚ್ಚಿದರೆ ನಮ್ಮ ಗೋಡೆಯಾಚೆಯ ಸದ್ದೇ. ಬುತ್ತಿ ಹೊತ್ತು ಬಂದವಳು ಖುರ್ಚಿಯ ಮೇಲೆ, ಬಸುರಿ ಒಲೆಯ ಮುಂದೆ. ಎಷ್ಟು ನಾಚಿಕೆಯಾಯಿತೆಂದರೆ, ಎದ್ದು ಲೋಟ ತೊಳೆಯಲು ಹೋಗಿ ಅದನ್ನೂ ಒಡೆದೆ.

ಮೊದಲ ರೊಟ್ಟಿ ಉಬ್ಬಿ ಇಳಿಯಿತು. ಬದನೆಕಾಯಿ ಪಲ್ಯ ಹಾಕಿ ತಾಟನ್ನು ನನ್ನ ಮುಂದಿಟ್ಟಳು.

“ಬರ್ರಿ ಟೀಚರ್, ಊಟ ಮಾಡ್ರಿ.”

ಹಸಿವು ಪ್ರಾಣ ಹೋಗುವಷ್ಟಿತ್ತು. ಆದರೂ ಬಾಯಿಗೆ ಅಭ್ಯಾಸವಾದ ಮಾತು ಬಂತು, “ನಂದು ಆಗೇದ ಬೇ, ನೀ ಉಣ್ಣು.”

“ಹೌದಾ? ಹಂಗಾರ ನಾ ಉಣ್ತೇನಿ” ಎಂದು ತಾಟು ತನ್ನ ಕಡೆಗೆ ಎಳೆದುಕೊಂಡಳು. ಐದು ವರ್ಷ ಯುರೋಪಿನಲ್ಲಿದ್ದ ಹುಡುಗಿ! ಎರಡನೆಯದನ್ನೂ ಉಂಡಳು, ಮೂರನೆಯದನ್ನೂ ಉಂಡಳು. ಬಡಿಯುವುದು, ಬೇಯಿಸುವುದು, ಉಣ್ಣುವುದು. ಆರು ರೊಟ್ಟಿ. ನಾನು ನೀರು ಕುಡಿಯುತ್ತ ಕೂತು ನೋಡಿದೆ. ಮೂರು ದಿನದಲ್ಲಿ ಮೊದಲ ಸಲ ನನ್ನ ಎದೆ ತಣ್ಣಗಾಯಿತು.

ಊರಿಗೆ ಬಂದ ಮಾರನೇ ದಿನ ಮಧ್ಯಾಹ್ನ ಗೋಡೆಯಾಚೆಯಿಂದ ದನಿ ಬಂತು, “ಬರ್ರಿ ಟೀಚರ್, ಊಟ ಮಾಡೂಣು.” ನಾನು ಚಪ್ಪಲಿ ಮೆಟ್ಟಿ ಹೋಗಿಬಿಟ್ಟೆ. ಬಾಗಿಲಲ್ಲಿ ನನ್ನನ್ನು ಕಂಡು ಆಪಾ ಗಾಬರಿಯಾದರು. ಹನ್ನೊಂದು ವರ್ಷದಲ್ಲಿ ಕರೆದಾಗ ಹೋದದ್ದು ಅದೇ ಮೊದಲು. ಹುಡುಗಿ ಫೋನಿನಲ್ಲಿ ಏನೂ ಬಿಟ್ಟುಕೊಟ್ಟಿರಲಿಲ್ಲ. ಕೂತು, ತಾಟಿಗೆ ಕೈ ಹಾಕುವ ಮೊದಲು ಎಲ್ಲ ಹೇಳಿದೆ. ಹದಿನೇಳು ಎಂಬ ಲೆಕ್ಕವನ್ನೂ ಬಿಡಲಿಲ್ಲ. ಬೈಯಲಿ ಎಂದು ತಲೆ ತಗ್ಗಿಸಿದೆ.

ಆಪಾ ಒಲೆಯ ಮೇಲಿನ ರೊಟ್ಟಿ ತಿರುವಿ ಹಾಕಿದರು.

“ಆಕಿ ಉಂಡಿದ್ದು ನೀವು ಕಣ್ಣಾರ ನೋಡೀರೇನು?”

“ನೋಡೇನಿ ಆಪಾ. ಎದುರಿಗೇ ಕುಂತಿದ್ದೆ.”

“ಹೆಂಗ ಉಂಡಳು?”

ಹೇಳಿದೆ. ಓರೆಯಾಗಿ ನಿಂತು ಬಡಿದದ್ದು, ಬಿಸಿಯದನ್ನು ಊದಿ ಊದಿ ಮುರಿದದ್ದು, ಬೆರಳು ನೆಕ್ಕಿದ್ದು, ಆರು ರೊಟ್ಟಿಯಾದ ಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟು ಒಳಗೆ ಒದೆಯುತ್ತಿದೆ ಎಂದು ನಕ್ಕದ್ದು. ಆಪಾ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ತಾಟಿಗೆ ಒಂದು ರೊಟ್ಟಿ ಹಾಕಿದರು.

“ಇನ್ನೊಮ್ಮೆ ಹೇಳ್ರಿ” ಎಂದರು.