ಮೆಣಸಿನ ಮೂಟೆಯ ಎದೆಬಡಿತ

ಮುತ್ತಣ್ಣ, ನಿನ್ನ ಬಲಗೈ ಮುರಿಸಿದವನು ನಾನು. ಬಿದಿರು ಹಿಡಿದದ್ದು ತೋಟದ ಸಾವ್ಕಾರ್ರು. ಹಿಡಿಸಿದ್ದು ನನ್ನ ಬಾಯಿ.

ಸಿದ್ದಾಪುರದ ಆ ತೋಟದಲ್ಲಿ ನಾನು ಹಾಜರಿ, ಲೆಕ್ಕ ಬರೆಯುವ ರೈಟರ್, ನೀನು ಮೆಣಸು ಕೊಯ್ಯುವವನು. ಸ್ಟೋರಿನಿಂದ ಎರಡು ಮೂಟೆ ಕರಿಮೆಣಸು ಕಾಣೆಯಾಗಿತ್ತು. ನಮ್ಮ ಅಜ್ಜಂದಿರಾದರೆ ದೀಪ ಹಚ್ಚಿ, ಮುಟ್ಟಿಸಿ, ಆಣೆ ಹಾಕಿಸುತ್ತಿದ್ದರು. ನಾನು ಹೊಸ ಕಾಲದವನಲ್ಲವೇ — ಮೈ ಮುಟ್ಟದೆ, ಬರೀ ಮುಖಕ್ಕೆ ಹಿಡಿದರೆ ಎದೆಬಡಿತ ಎಣಿಸುವ ಆ್ಯಪ್ ನನ್ನ ಮೊಬೈಲಿನಲ್ಲಿತ್ತು. ರಕ್ತ ಬಡಿದಂತೆಲ್ಲ ಚರ್ಮದ ಬಣ್ಣ ಕಣ್ಣಿಗೆ ಕಾಣದಷ್ಟು ಬದಲಾಗುತ್ತದಂತೆ, ಕ್ಯಾಮೆರಾ ಅದನ್ನು ಹಿಡಿಯುತ್ತದಂತೆ.

"ಕಳ್ಳನ ಎದೆ ಜೋರು ಬಡೀತದೆ ಸಾವ್ಕಾರ್ರೇ," ಅಂದೆ. ಹೆಮ್ಮೆಯಿಂದಲೇ ಅಂದೆ.

ಹಾಜರಿ ಹೊತ್ತಿಗೆ ಎಲ್ಲರೂ ಕಣದಲ್ಲಿ ಸಾಲಾಗಿ ನಿಂತಿದ್ದರು. ನೀನು ಮಾತ್ರ ತಡವಾಗಿ, ಬಿದಿರೇಣಿ ಹೊತ್ತು, ಕೆಳಗಿನ ಆಳುಗಳ ಮನೆಸಾಲಿನಿಂದ, ಆ ಲೈನಿನಿಂದ, ಏರಿ ಓಡಿ ಬಂದೆ. ನಿನ್ನ ಮುಖಕ್ಕೆ ಹಿಡಿದಾಗ ಮೊಬೈಲು ನೂರ ಮೂವತ್ತೆರಡು ತೋರಿಸಿತು, ಉಳಿದೆಲ್ಲರಿಗಿಂತ ಹೆಚ್ಚು.

"ದೀಪ ತನ್ನಿ ರೈಟ್ರೇ, ಮುಟ್ಟಿ ಹೇಳ್ತೇನೆ. ಆ ಫೋನಿಗೇನು ಗೊತ್ತು ನನ್ನ ಎದೆ?"

ಸಾವ್ಕಾರ್ರು ನನ್ನ ಕಡೆ ತಿರುಗಿದರು. "ಇವನೇನಾ? ಸರಿಯಾಗಿ ನೋಡಿ ಹೇಳು."

"ಇವನೇ."

ನಿನ್ನ ಏಣಿಯನ್ನೇ ಒಡೆದು ಆ ಬಿದಿರಿನಿಂದಲೇ ಹೊಡೆದರು. ಮೊದಲ ಏಟು ಕಿವಿಗೆ. ಬಿದ್ದ ಮೇಲೆ ಬೆನ್ನಿಗೆ, ಮೊಣಕಾಲಿಗೆ, ಮತ್ತೆ ಬೆನ್ನಿಗೆ. ತಲೆ ಉಳಿಸಿಕೊಳ್ಳಲು ಅಡ್ಡ ಹಿಡಿದ ಬಲಗೈ — ಆ ಸದ್ದು... ಒಣಗಲು ಹರವಿದ್ದ ಮೆಣಸು ನಿನ್ನ ರಕ್ತಕ್ಕೆ ಅಂಟಿ, ಮುಖದ ತುಂಬ ಕರಿ ಕಾಳು. ಕಾಲು ಹಿಡಿಯಲು ಬಂದ ನಿನ್ನ ಹೆಂಡತಿಯ ಹೊಟ್ಟೆಗೆ ಬೂಟಿನಿಂದ ಒದ್ದರು. ನಾನು ಮೊಬೈಲು ಹಿಡಿದು ನಿಂತೇ ಇದ್ದೆ.

ಈವರೆಗೆ ಯಾರಿಗೂ ಹೇಳದ್ದು ಇದು — ಅಂದು ಬೆಳಿಗ್ಗೆ ಸ್ಟೋರಿನಲ್ಲಿ ಆ್ಯಪ್ ಪರೀಕ್ಷೆ ಮಾಡುವಾಗ ಕ್ಯಾಮೆರಾ ಒಂದು ಮೆಣಸಿನ ಮೂಟೆಯ ಕಡೆ ತಿರುಗಿತ್ತು. ಮೂಟೆಗೂ ನೂರ ಹದಿನೆಂಟು ತೋರಿಸಿತು. ನಕ್ಕು ಜೇಬಿಗೆ ಹಾಕಿದ್ದೆ. ಗೊತ್ತಿತ್ತು ಮುತ್ತಣ್ಣ, ಮೊದಲ ಏಟಿಗೂ ಮುಂಚೆಯೇ ಗೊತ್ತಿತ್ತು. ಬಾಯಿ ಬಿಟ್ಟಿದ್ದರೆ ಆಳುಗಳೆದುರು ನಗೆಪಾಟಲಾಗುತ್ತಿದ್ದೆ. ಅಷ್ಟೇ ಆಗುತ್ತಿದ್ದುದು.

ವಾರ ಕಳೆದು ಮೂಟೆಗಳು ಸಿಕ್ಕಿದವು. ಜೀಪಿನವನು ಕುಟ್ಟ ಊರಿನಲ್ಲಿರುವ ಸಾವ್ಕಾರ್ರ ಇನ್ನೊಂದು ತೋಟದಲ್ಲಿ ತಪ್ಪಿ ಇಳಿಸಿದ್ದ. ಅಷ್ಟರಲ್ಲಿ ಗಂಡ-ಹೆಂಡತಿ ನೀವು ಲೈನು ಬಿಟ್ಟು ಹೋಗಿದ್ದಿರಿ. ಸಾವ್ಕಾರ್ರು "ಸುಮ್ಮನಿರು" ಅಂದರು. ಸುಮ್ಮನಿದ್ದೆ — ಆರು ವರ್ಷ.

ನೀನು ಈಗ ಪೊನ್ನಂಪೇಟೆ ಕಡೆ ಎಡಗೈಯಲ್ಲಿ ಕಳೆ ಕೀಳುತ್ತೀಯಂತೆ. ಅಲ್ಲಿಯ ಲೈನಿನಲ್ಲೂ ಮೆಣಸು ಕಳ್ಳ ಅನ್ನುತ್ತಾರಂತೆ. ಭಾನುವಾರ ಬರುತ್ತೇನೆ. ಹಾಗೆ ಕರೆಯುವವರೆಲ್ಲ ಅಂಗಳದಲ್ಲಿರಲಿ. ದೀಪ ನೀನೇ ಹಚ್ಚು. ನಾನು ಮುಟ್ಟಿ ಹೇಳುತ್ತೇನೆ.